ಆರ್ವೋ ಹೇಳಿದ ಮೇಲೆ

ಜಾನ್‌ಸ್ಟನ್ ಜಲಸಂಧಿಯಲ್ಲಿ ಬೇಸಿಗೆ ಬಂತೆಂದರೆ ಪ್ರವಾಸಿಗರನ್ನು ಕೂರಿಸಿಕೊಂಡು ಓರ್ಕಾ ತಿಮಿಂಗಿಲ ತೋರಿಸುವ ದೋಣಿಗಳು ಹನ್ನೊಂದು. ಹನ್ನೊಂದರಲ್ಲಿ ಹತ್ತು ದೋಣಿಯವರ ಮಾತನ್ನು ಜರಡಿ ಹಿಡಿದೇ ತೆಗೆದುಕೊಳ್ಳಬೇಕು. ಅವರೇನೂ ಕೆಟ್ಟವರಲ್ಲ. ಆದರೆ ಟಿಕೆಟ್ ಕೊಂಡ ಹನ್ನೆರಡು ಜನ ಬೆನ್ನ ಹಿಂದೆ ಕ್ಯಾಮರಾ ಹಿಡಿದು ನಿಂತರೆ ತೇಲಿ ಬರುವ ಮರದ ದಿಮ್ಮಿಯೂ ಎಂಥವನಿಗಾದರೂ ತಿಮಿಂಗಿಲವಾಗಿ ಕಾಣತೊಡಗುತ್ತದೆ. ಆರ್ವೋ ರಾಂತಾನಿಗೆ ಮಾತ್ರ ದಿಮ್ಮಿ ದಿಮ್ಮಿಯಾಗಿಯೇ ಕಾಣುತ್ತಿತ್ತು. ಅವನು ರೇಡಿಯೋದಲ್ಲಿ ಏಳು ತಿಮಿಂಗಿಲ ಎಂದರೆ ಏಳೇ. ಇಲ್ಲ ಎಂದರೆ ಉಳಿದ ದೋಣಿಗಳು ಆ ಕಡೆ ಮೂತಿ ತಿರುಗಿಸುತ್ತಲೇ ಇರಲಿಲ್ಲ. "ಆರ್ವೋ ಹೇಳಿದ ಮೇಲೆ ಮುಗೀತು" ಎನ್ನುವುದು ಆ ನೀರಿನಲ್ಲಿ ಗಾದೆಮಾತಿನಂತೆ ಚಲಾವಣೆಯಲ್ಲಿತ್ತು.

ಆಗ ಅವನಿಗೆ ಐವತ್ತೊಂಬತ್ತು. ಮನೆ ಇದ್ದದ್ದು ಮಾಲ್ಕಮ್ ದ್ವೀಪದ ಸೊಯಿಂತುಲದಲ್ಲಿ. ನೂರು ವರ್ಷದ ಹಿಂದೆ ಫಿನ್ಲೆಂಡಿನ ಒಂದಷ್ಟು ಜನ, ಎಲ್ಲರೂ ಸರಿಸಮಾನರಾಗಿ ಬಾಳೋಣ ಎಂದು ಕೆನಡಾದ ಈ ಪಡುವಣ ಅಂಚಿಗೆ ಬಂದು ಕಟ್ಟಿಕೊಂಡ ಊರು ಅದು. ಸಮಾನತೆ ನಾಲ್ಕು ವರ್ಷಕ್ಕೆ ಮುಗಿಯಿತು. ಹಬೆಸ್ನಾನದ ಕೋಣೆ ಮಾತ್ರ ಮನೆಮನೆಗೂ ಉಳಿಯಿತು. ಆರ್ವೋ ಹದಿನಾರನೆಯ ವಯಸ್ಸಿಗೆ ಅಪ್ಪ ಓನ್ನಿಯ ಜೊತೆ ಸಾಲ್ಮನ್ ಹಿಡಿಯಲು ನೀರಿಗಿಳಿದವನು. ಅಪ್ಪ ತೀರಿಕೊಂಡ, ಆಮೇಲೆ ಮೀನೂ ಕಡಿಮೆಯಾಯಿತು. ಸರ್ಕಾರ ಪರವಾನಗಿಗಳನ್ನು ವಾಪಸು ಕೊಂಡುಕೊಂಡ ವರ್ಷ ಅವನು ತನ್ನ 'ಲೋಕ್ಕಿ' ದೋಣಿಯಿಂದ ಬಲೆ ಸುತ್ತುವ ಉರುಳೆಯನ್ನು ಕಿತ್ತು, ಆ ಜಾಗಕ್ಕೆ ಬೆಂಚು ಜೋಡಿಸಿದ. ಮೀನುಗಳಿಗೆ ಏನನ್ನೂ ವಿವರಿಸಬೇಕಾಗಿರಲಿಲ್ಲ, ಜನರಿಗೆ ವಿವರಿಸಬೇಕು, ಹೊಸ ಕೆಲಸದಲ್ಲಿ ಅದೊಂದೇ ತೊಂದರೆ ಎನ್ನುತ್ತಿದ್ದ.

ಮದುವೆಯಾಗಿರಲಿಲ್ಲ. ಮೂವತ್ತನಾಲ್ಕರಲ್ಲಿ ಒಂದು ಅವಕಾಶ ಬಂದು ಹೋಗಿತ್ತು. ಆಚೆ ದಡದ ಪೋರ್ಟ್ ಮೆಕ್‌ನೀಲ್‌ನ ಶಾಲೆಯ ಮೇಡಂ ಒಬ್ಬಳು ಎರಡು ವರ್ಷ ಇವನ ಜೊತೆ ಓಡಾಡಿ, ಕೊನೆಗೆ, "ನಿನ್ನನ್ನ ಕಟ್ಕೊಂಡ್ರೆ ನಿಮ್ಮಮ್ಮನ್ನೂ ಕಟ್ಕೊಂಡ ಹಾಗೆ, ಆರ್ವೋ. ನಂಗೆ ಒಬ್ರು ಸಾಕು" ಎಂದು ನೇರವಾಗಿ ಹೇಳಿ ದೋಣಿ ಹತ್ತಿದಳು. ಆರ್ವೋ ಅದನ್ನು ಅದೇ ಸಂಜೆ ಅಮ್ಮ ಸೈಮಾಗೆ ಇದ್ದದ್ದು ಇದ್ದ ಹಾಗೆ ಒಪ್ಪಿಸಿದ. ಸೈಮಾ, "ಬುದ್ಧಿವಂತೆ" ಎಂದು ಅವನ ಬಟ್ಟಲಿಗೆ ಇನ್ನೊಂದು ಸೌಟು ಮೀನಿನ ಸಾರು ಹಾಕಿದಳು. ಆ ವಿಷಯ ಅಲ್ಲಿಗೆ ಮುಗಿಯಿತು. ಊರಿನವರ ನಾಲಿಗೆಯ ಮೇಲೆ ಮಾತ್ರ ಮುಗಿಯಲಿಲ್ಲ.

ಮುಗಿಯದಿರಲು ಕಾರಣ ತಿಮಿಂಗಿಲಗಳೇ. ಆ ನೀರಿನ ಓರ್ಕಾಗಳಲ್ಲಿ ಗಂಡುಮಕ್ಕಳು ತಾಯಿಯನ್ನು ಬಿಟ್ಟು ಹೋಗುವುದಿಲ್ಲ. ಆಳೆತ್ತರದ ಬೆನ್ನುರೆಕ್ಕೆ ಬೆಳೆದು, ತೂಕ ಐದು ಟನ್ ದಾಟಿದರೂ ತಾಯಿಯ ಪಕ್ಕವೇ ಈಜು. ತಾಯಿ ಹಿಡಿದ ಮೀನಿನಲ್ಲಿ ಪಾಲು. ತಾಯಿ ಸತ್ತರೆ ಎಷ್ಟೋ ಗಂಡುಗಳು ವರ್ಷ ದಾಟುವುದಿಲ್ಲ. ಇದನ್ನು ಆರ್ವೋ ದಿನಕ್ಕೆ ಎರಡು ಸಲ, ಬೆಳಗಿನ ಸವಾರಿಗೊಮ್ಮೆ ಮಧ್ಯಾಹ್ನದ ಸವಾರಿಗೊಮ್ಮೆ, ಮುಖದ ಒಂದು ಗೆರೆಯೂ ಅಲುಗದಂತೆ ಪ್ರವಾಸಿಗರಿಗೆ ಹೇಳಬೇಕಾಗುತ್ತಿತ್ತು. ಅಲರ್ಟ್ ಬೇ ದ್ವೀಪದ ವರ್ನನ್ ಇವನ ಜೊತೆಗೇ ಮೀನು ಹಿಡಿದು ಇವನ ಹಾಗೇ ದೋಣಿಗೆ ಬೆಂಚು ಹಾಕಿಕೊಂಡವನು. ದೊಡ್ಡ ಗಂಡು ತಿಮಿಂಗಿಲ ಎದ್ದಾಗಲೆಲ್ಲ ಅವನು ರೇಡಿಯೋದಲ್ಲಿ, "ಆರ್ವೋ, ನಿಮ್ಮ ಕುಲಬಾಂಧವ ಬಂದ ನೋಡಪ್ಪ" ಎಂದು ರೇಗಿಸುತ್ತಿದ್ದ. "ಅವ್ನಿಗೆ ಸಾರು ಬಡಿಸೋರು ಬೇಗ ಬಡಿಸ್ತಾರೆ, ನಂದು ಆರು ಗಂಟೆಗೆ" ಎನ್ನುತ್ತಿದ್ದ ಆರ್ವೋ. ಹನ್ನೊಂದು ದೋಣಿಯಲ್ಲೂ ನಗು ಏಳುತ್ತಿತ್ತು.

ಆ ನಗು ಸೈಮಾಳ ಅಡುಗೆಮನೆಗೂ ಕೇಳುತ್ತಿತ್ತು. ಸೊಯಿಂತುಲದ ಹಳೆಯ ಮನೆಗಳಲ್ಲಿ ಒಲೆಯ ಪಕ್ಕದ ಕಪಾಟಿನ ಮೇಲೆ ದೋಣಿಯ ರೇಡಿಯೋ ಒಂದು ಇದ್ದೇ ಇರುತ್ತದೆ. ಗಂಡಸರು ನೀರಿನ ಮೇಲಿದ್ದಾಗ ಹೆಂಗಸರು ಅದನ್ನು ಹಚ್ಚಿಟ್ಟುಕೊಂಡು ಬ್ರೆಡ್ಡು ನಾದುತ್ತಾರೆ, ಕಾಲುಚೀಲ ಹೊಲಿಯುತ್ತಾರೆ. ಕೇಳುವುದು ಮಾತ್ರ. ದೋಣಿಯ ಚಾನೆಲ್ಲಿನಲ್ಲಿ ನೆಲದ ಮೇಲಿರುವವರು ಮಾತಾಡುವಂತಿಲ್ಲ. ಹಾಗೆಂದು ಕಾನೂನಿನಲ್ಲೂ ಇದೆ, ಆದರೆ ಊರು ಕಾನೂನಿಗೆ ಹೆದರಿ ಸುಮ್ಮನಿದ್ದದ್ದಲ್ಲ. ಒಬ್ಬ ಹೆಂಗಸು ಗುಂಡಿ ಒತ್ತಿ "ಬರ್ತಾ ಉಪ್ಪು ತನ್ನಿ" ಎಂದ ಹೊತ್ತಿಗೇ ಇನ್ನೆಲ್ಲೋ ಒಂದು ದೋಣಿ ಮುಳುಗುತ್ತಾ ಕೂಗುತ್ತಿದ್ದರೆ? ಒಬ್ಬರು ಗುಂಡಿ ಒತ್ತಿರುವಷ್ಟು ಹೊತ್ತು ಬೇರೆಯವರ ಮಾತು ಕೇಳಿಸದು. ಅದಕ್ಕೇ ಮಾತಾಡುವುದಿಲ್ಲ. ಗಂಡ ಸತ್ತ ದಿನವೂ ಸೈಮಾ ಆ ಗುಂಡಿ ಮುಟ್ಟಿದವಳಲ್ಲ.

ಸೈಮಾಗೆ ಆ ರೇಡಿಯೋದಿಂದ ವರ್ಷಕ್ಕೊಮ್ಮೆ ಬೇಕಾಗಿದ್ದ ಸುದ್ದಿ ಒಂದೇ: ಮುದುಕಿ ಬಂದಳಾ ಇಲ್ಲವಾ. ಮುದುಕಿ ಎಂದರೆ ಒಂದು ಓರ್ಕಾ, ಬೆನ್ನುರೆಕ್ಕೆಯ ತುದಿ ಕಚ್ಚಿ ತೆಗೆದ ಬಿಸ್ಕತ್ತಿನಂತೆ ಇದ್ದ ಹಿರಿಯ ಹೆಣ್ಣು. ಮೂವತ್ತೈದು ವರ್ಷದ ಹಿಂದೆ ದ್ವೀಪದ ಉತ್ತರದ ದಡದಲ್ಲಿ ಸೈಮಾ ಮರಳಲ್ಲಿ ಚಿಪ್ಪುಮೀನು ಅಗೆಯುತ್ತಿದ್ದಾಗ ಅದು ಎಳೆಮರಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಅಂಚಿನ ನುಣುಪುಗಲ್ಲಿಗೆ ಮೈ ಉಜ್ಜುತ್ತಿತ್ತು. ಆ ಕಾಲದಲ್ಲಿ ಮೀನುಗಾರರಿಗೆ ಓರ್ಕಾ ಎಂದರೆ ಸಾಲ್ಮನ್ ಕದಿಯುವ ಕಳ್ಳ. ಓನ್ನಿ ದೋಣಿಯಿಂದ ಬಂದೂಕು ತಂದು ಗುರಿ ಹಿಡಿದ. ಸೈಮಾ ನಳಿಗೆಯನ್ನು ಕೈಯಿಂದ ಕೆಳಗೆ ಒತ್ತಿ, "ನಾಚ್ಕೆ ಆಗಲ್ವಾ ನಿಂಗೆ? ಹಸಿ ಬಾಣಂತಿ ಅದು!" ಎಂದು ಊರಿಗೆ ಕೇಳುವ ಹಾಗೆ ಬೈದಳು. ಓನ್ನಿ ಬಂದೂಕು ಇಳಿಸಿದ. ಆ ಎಳೆಮರಿಯೇ ಈಗ ಎಲ್ಲರೂ ಕಂಬ ಎಂದು ಕರೆಯುವ ಗಂಡು. ರೆಕ್ಕೆ ಕಂಬದಂತೆ ನೇರ ನಿಂತದ್ದಕ್ಕೆ ಆ ಹೆಸರು. ಪ್ರತಿ ಜುಲೈಯಲ್ಲಿ ಮುದುಕಿಯ ಆರು ಜನರ ಸಂಸಾರ ಬಂತೆಂದು ರೇಡಿಯೋದಲ್ಲಿ ಕೇಳಿದ ದಿನ ಸೈಮಾ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು, ಅವರ ಪುಲ್ಲಾ, ಸುಡುತ್ತಿದ್ದಳು. "ಅವ್ಳೂ ನಾನೂ ಒಂದೇ ಓರಗೆ. ಅವ್ಳು ಬಂದಿದಾಳೆ ಅಂದ್ರೆ ನಂಗೂ ಇನ್ನೊಂದು ವರ್ಷ ಇದೆ" ಎನ್ನುತ್ತಿದ್ದಳು.

ಆ ವರ್ಷ ಜೂನ್‌ನಲ್ಲಿ ಪೋರ್ಟ್ ಮೆಕ್‌ನೀಲ್‌ನ ಡಾಕ್ಟರು ಆರ್ವೋನನ್ನು ಹೊರಗೆ ಕರೆದು, ಸೈಮಾಳ ಎಂಬತ್ತಾರು ವರ್ಷದ ಹೃದಯ ಸೋತುಹೋಗಿದೆ, ಬೇಸಿಗೆ ಕಳೆದರೆ ದೊಡ್ಡದು, ಎದೆಗೆ ಬಡಿಯುವಂಥ ಸುದ್ದಿ ಯಾವುದೂ ಬೇಡ ಎಂದರು. ಎದೆಗೆ ಬಡಿಯುವಂಥದ್ದು ಸೊಯಿಂತುಲದಲ್ಲಿ ಏನು ನಡೆಯುತ್ತದೆ ಎಂದುಕೊಂಡೇ ಆರ್ವೋ ಅಮ್ಮನನ್ನು ದೋಣಿ ಹತ್ತಿಸಿದ. ಅಡುಗೆಮನೆಯ ಕಿಟಕಿಯ ಹತ್ತಿರ ಮೆತ್ತನೆಯ ಕುರ್ಚಿ ಹಾಕಿಸಿದ. ಹಗಲು ನೋಡಿಕೊಳ್ಳಲು ನೆರೆಮನೆಯ ಹೆಂಗಸನ್ನು ಒಪ್ಪಿಸಿದ. ರೇಡಿಯೋವನ್ನು ಕಪಾಟಿನಿಂದ ಇಳಿಸಿ ಅವಳ ಕೈಗೆಟುಕುವಲ್ಲಿ ಇಟ್ಟ.

ಸಂಸಾರ ಬಂದದ್ದು ಜುಲೈ ಒಂಬತ್ತರ ಬೆಳಗ್ಗೆ. ಲೋಕ್ಕಿಯಲ್ಲಿ ಹನ್ನೆರಡು ಜನ ಪ್ರವಾಸಿಗರು. ಆಗಲೇ ದಡದಲ್ಲಿ ಕಲ್ಲು ಮಗುಚಿ ಏಡಿ ಹುಡುಕುವ ಕರಡಿಯನ್ನೂ, ಬಂಡೆಯ ಮೇಲೆ ಒಂದರ ಮೇಲೊಂದು ಬಿದ್ದುಕೊಂಡು ಗೊಣಗುವ ಕಡಲಸಿಂಹಗಳನ್ನೂ ನೋಡಿ ಮುಗಿಸಿದ್ದರು. ಪೂರ್ವದ ಕಡೆ ಉಸಿರಿನ ಬುಗ್ಗೆಗಳು ಎದ್ದವು. ಆರ್ವೋ ಎಂಜಿನ್ ನಿಲ್ಲಿಸಿ ದುರ್ಬೀನು ಹಿಡಿದ. ದೊಡ್ಡ ಮಗಳು. ಚಿಕ್ಕ ಮಗಳು. ಅವರಿಬ್ಬರ ಮರಿಗಳು ಎರಡು. ಬಹಳ ಹಿಂದೆ, ಒಂಟಿಯಾಗಿ, ಕಂಬ. ಕಂಬನ ಎಡಕ್ಕೆ, ಮುದುಕಿ ಇರಬೇಕಾದ ಜಾಗದಲ್ಲಿ, ಯಾರೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಆ ಎಡಗಡೆ ಖಾಲಿ ಇದ್ದದ್ದನ್ನು ಆರ್ವೋ ಕಂಡಿರಲಿಲ್ಲ. ಮತ್ತೆ ಎಣಿಸಿದ. ಮೂರನೆಯ ಸಲವೂ ಐದೇ.

ಅಷ್ಟರಲ್ಲಿ ರೇಡಿಯೋದಲ್ಲಿ ವರ್ನನ್. "ಆರ್ವೋ, ಸಂಸಾರ ಬಂತಂತೆ. ಎಲ್ಲಾ ಇದಾರಾ?"

ಆರ್ವೋನ ಹೆಬ್ಬೆರಳು ಗುಂಡಿಯ ಮೇಲಿತ್ತು. ನೀರಿನ ಈ ತುದಿಯಲ್ಲಿ ವರ್ನನ್, ಆ ತುದಿಯಲ್ಲಿ ಕಿಟಕಿಯ ಪಕ್ಕ ಅಮ್ಮ. ಒಬ್ಬನಿಗೆ ಹೇಳಿ ಒಬ್ಬಳಿಗೆ ಮುಚ್ಚಿಡುವ ದಾರಿ ಆ ಯಂತ್ರದಲ್ಲಿಲ್ಲ.

"ಆರೂ ಇದಾರೆ. ಮುದುಕಿ ಮುಂದೆ ಹೋಗ್ತಿದಾಳೆ" ಎಂದ.

ಅದು ಅವನು ಆ ಚಾನೆಲ್ಲಿನಲ್ಲಿ ಹೇಳಿದ ಮೊದಲ ಸುಳ್ಳು. ಅಭ್ಯಾಸವಿಲ್ಲದ್ದರಿಂದ ಧ್ವನಿ ಸ್ವಲ್ಪ ಜೋರಾಯಿತು. ಸಂಜೆ ಬಾಗಿಲು ತೆಗೆಯುವಾಗಲೇ ಏಲಕ್ಕಿಯ ವಾಸನೆ ಬಂತು. ಎರಡು ವಾರದಿಂದ ನೆಟ್ಟಗೆ ಹತ್ತು ನಿಮಿಷ ನಿಲ್ಲಲಾಗದವಳು ಮಡಿಲ ಮೇಲೆ ಪಾತ್ರೆ ಇಟ್ಟುಕೊಂಡು ಕೂತಲ್ಲೇ ಹಿಟ್ಟು ನಾದಿದ್ದಳು. "ಬಂದ್ಲಲ್ಲ" ಎಂದಳು. ಆರ್ವೋ ಪುಲ್ಲಾ ತಿಂದ. ಎರಡು ತುಂಡು ತಿಂದ.

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಬೇಕೆನ್ನುತ್ತಾರೆ. ಇವನಿಗೆ ದಿನಕ್ಕೆರಡು ಸಾಕಾದವು. ಮೂರನೆಯ ದಿನ ಅಲರ್ಟ್ ಬೇಯ ಧಕ್ಕೆಯಲ್ಲಿ ಡೀಸೆಲ್ ತುಂಬಿಸುವಾಗ ವರ್ನನ್ ಹತ್ತಿರ ಬಂದು ನಿಂತ.

"ನೀನು ಎಷ್ಟು ಎಣಿಸಿದ್ದು?"

"ಆರು."

"ನಾನು ಐದು."

ಆರ್ವೋ ಡೀಸೆಲ್ಲಿನ ಕೊಳವೆಯನ್ನೇ ನೋಡುತ್ತಿದ್ದ. ವರ್ನನ್ ಸ್ವಲ್ಪ ಹೊತ್ತು ಅವನ ಮುಖ ನೋಡಿ, "ಸೈಮಾ ಅಮ್ಮ ಹೇಗಿದಾರೆ?" ಎಂದ.

"ಕೂತಿರ್ತಾರೆ. ರೇಡಿಯೋ ಕೇಳ್ತಾರೆ."

"ಹೂಂ" ಎಂದ ವರ್ನನ್. ಸಿಗರೇಟು ಹಚ್ಚಲು ಹೋಗಿ, ಡೀಸೆಲ್ ನೆನಪಾಗಿ ಜೇಬಿಗೆ ಹಾಕಿಕೊಂಡ. "ನಮ್ಮಮ್ಮ ಹೋಗಿ ಇಪ್ಪತ್ತು ವರ್ಷ ಆಯ್ತು. ಇದ್ದಿದ್ರೆ ನಾನು ಹತ್ತು ಅಂತಿದ್ದೆ. ನಮ್ಮ ಹುಡುಗ್ರಿಗೆಲ್ಲ ನಾನು ಹೇಳ್ತೀನಿ, ಯಾರೂ ಬಾಯಿ ಬಿಡಲ್ಲ. ಆದ್ರೆ ಜೂಡಿತ್‌ಗೆ ನೀನೇ ಹೋಗಿ ಹೇಳ್ಬೇಕು. ಅವ್ಳು ಬರೆದಿಡೋಳು."

"ಹೇಳ್ತೀನಿ" ಎಂದ ಆರ್ವೋ.

ಜೂಡಿತ್ ಎಂದರೆ ಜಲಸಂಧಿಯ ಬಂಡೆಯ ನೆತ್ತಿಯ ಮೇಲೆ ಮರದ ಗುಡಿಸಲು ಹಾಕಿಕೊಂಡು, ಇಪ್ಪತ್ತಾರು ಬೇಸಿಗೆಯಿಂದ ದೂರದರ್ಶಕ ಹಿಡಿದು ತಿಮಿಂಗಿಲ ಎಣಿಸುತ್ತಿದ್ದ ಹೆಂಗಸು. ಯಾವುದು ಹುಟ್ಟಿತು, ಯಾವುದು ಸತ್ತಿತು ಎಂಬ ಅವಳ ವಹಿಯನ್ನೇ ಎಲ್ಲರೂ ನಂಬುವುದು. ದೋಣಿಗಳ ಚಾನೆಲ್ಲಿನಲ್ಲಿ ನೆಲದಿಂದ ಮಾತಾಡಬಹುದಾದವಳು ಅವಳೊಬ್ಬಳೇ. ಅವಳ ಕ್ರಮ ಬಿಗಿ. ಸಂಸಾರದ ಉಳಿದವರೆಲ್ಲ ಕಣ್ಣೆದುರಿಗಿದ್ದು ಒಬ್ಬರು ಮಾತ್ರ ಇಲ್ಲದ್ದನ್ನು ಮೂರು ಸಲ ನೋಡಿದ ಮೇಲೆಯೇ ಆ ಹೆಸರಿನ ಮುಂದೆ 'ಇಲ್ಲ' ಎಂದು ಬರೆಯುವುದು. ಆ ವಾರ ಅವಳೂ ಮೂರು ಸಲ ನೋಡಿದ್ದಳು. ಮೂರು ಸಲವೂ ಮುದುಕಿ ಇರಲಿಲ್ಲ. ಬರೆಯಲು ಪೆನ್ನು ತೆಗೆದವಳು ಆರ್ವೋನ ಮಾತು ನೆನಪಾಗಿ ಪೆನ್ನು ಇಟ್ಟಳು.

"ಆರ್ವೋ, ನಂಗೆ ಮುದುಕಿ ಒಂದ್ಸಲವೂ ಕಾಣ್ಲಿಲ್ಲ. ಆದ್ರೆ ನೀನು ದಿನಾ ನೋಡ್ತಿದೀಯ ಅಂದ್ಮೇಲೆ ಇದಾಳೆ. ಸಂಸಾರ ಬಿಟ್ಟು ಒಬ್ಳೇ ಓಡಾಡ್ತಿದಾಳೆ ಅಂದ್ರೆ ಕಾಯಿಲೆ ಇರ್ಬೇಕು. ನಾನು ಹುಡುಕ್ತೀನಿ" ಎಂದಳು ರೇಡಿಯೋದಲ್ಲಿ.

ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ಆರ್ವೋನದಾಯಿತು. ಗುಡಿಸಲಿಗೆ ಹೋಗಿ ಮುಖಾಮುಖಿ ಹೇಳಬಹುದಿತ್ತು. ಲೋಕ್ಕಿಯನ್ನು ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿದರೆ ಕಾಲು ಗಂಟೆಯ ದಾರಿ. ಮೊದಲ ದಿನ ಗಾಳಿ ಜಾಸ್ತಿ ಎಂದುಕೊಂಡ. ಎರಡನೆಯ ದಿನ ಪ್ರವಾಸಿಗರಿದ್ದಾರೆ ಎಂದುಕೊಂಡ. ನಿಜ ಏನೆಂದರೆ ಅವನಿಗೆ ನಾಚಿಕೆಯಾಗಿತ್ತು. ತನ್ನ ಕಣ್ಣಿಗಿಂತ ಇವನ ಮಾತನ್ನು ಹೆಚ್ಚು ನಂಬಿದವಳ ಮುಂದೆ ನಿಂತು ಬಾಯಿ ತೆರೆಯುವುದು ಹೇಗೆಂದು ತಿಳಿಯಲಿಲ್ಲ.

ಜೂಡಿತ್ ತನ್ನ ಸಣ್ಣ ಯಂತ್ರದ ದೋಣಿ ತೆಗೆದುಕೊಂಡು ನಾಲ್ಕು ದಿನ ಆ ಕೊಲ್ಲಿ ಈ ಕೊಲ್ಲಿ ಅಲೆದಳು. ಐದನೆಯ ದಿನ ಮಂಜು ಬಿದ್ದಿತ್ತು. ದ್ವೀಪಗಳ ನಡುವಿನ ಇರುಕಿನಲ್ಲಿ ಇಳಿತದ ಸೆಳೆತ ಹೊಳೆಯ ಹಾಗೆ ಓಡುತ್ತಿದ್ದಾಗ ಅವಳ ಎಂಜಿನ್ ಕೆಟ್ಟಿತು. ರೇಡಿಯೋದಲ್ಲಿ ಅವಳ ಧ್ವನಿ ಮೊದಲು ಸಾವಧಾನವಾಗಿಯೇ ಬಂತು. ಎರಡನೆಯ ಸಲ ಬಂದಾಗ ಸಾವಧಾನವಿರಲಿಲ್ಲ: ಬಂಡೆಗೆ ನೀರು ಬಡಿಯುವ ಸದ್ದು ಕೇಳುತ್ತಿದೆ, ಬಂಡೆ ಕಾಣುತ್ತಿಲ್ಲ. ವರ್ನನ್ ಹತ್ತಿರದಲ್ಲಿದ್ದ. ಪ್ರವಾಸಿಗರನ್ನು ಕೂತಲ್ಲೇ ಕೂರಲು ಹೇಳಿ, ಗಂಟೆ ಬಾರಿಸುತ್ತಾ ಮಂಜಿನೊಳಗೆ ಹೋಗಿ ಹಗ್ಗ ಎಸೆದು ಎಳೆದು ತಂದ. ಆರ್ವೋ ಎಂಟು ಮೈಲಿ ದೂರದಿಂದ ಪೂರ್ತಿ ಕೇಳಿಸಿಕೊಂಡ. ಹಗ್ಗ ಸಿಕ್ಕಿತು ಎಂದು ವರ್ನನ್ ಹೇಳಿದ ಮೇಲೆ ಅವನು ರೇಡಿಯೋದ ಹಿಡಿ ಬಿಟ್ಟು ಕೂತ. ಪ್ರವಾಸಿ ಹೆಂಗಸೊಬ್ಬಳು "ಆರಾಮಿದೀರಾ?" ಎಂದು ಕೇಳಿದಳು. ಅವನು ದಡದ ಹದ್ದನ್ನು ತೋರಿಸಿದ.

ಆ ಸಂಜೆ ಸಾರು ಬಡಿಸಿಕೊಂಡು ಕೂತಾಗ ಸೈಮಾ ಕೇಳಿದಳು. "ಜೂಡಿತ್ ಆ ಮಂಜಲ್ಲೂ ಮುದುಕೀನೇ ಹುಡುಕ್ತಿದ್ಲಾ?"

"ಹೂಂ. ಫೋಟೋ ಬೇಕಂತೆ."

"ಬೆಳಿಗ್ಗೆ ನೀನು ನೋಡ್ದೆ ಅಂದ್ಯಲ್ಲ. ಎಲ್ಲಿ ಅಂತ ಅವ್ಳಿಗೆ ಹೇಳ್ಲಿಲ್ವಾ?"

"ಹೇಳ್ದೆ."

ಸೈಮಾ ಚಮಚವನ್ನು ಬಟ್ಟಲಿನ ಪಕ್ಕ ಇಟ್ಟಳು. "ನಂಗೆ ಹಸಿವಿಲ್ಲ" ಎಂದಳು. ಆರ್ವೋ ಇಬ್ಬರ ಬಟ್ಟಲನ್ನೂ ತೊಳೆದು ಮಲಗಿದ.

ಮರುದಿನ ಜುಲೈ ಇಪ್ಪತ್ತೊಂದು. ಆಕಾಶ ಬಿಳಿಚಿಕೊಂಡಿತ್ತು, ಗಾಳಿ ಇರಲಿಲ್ಲ. ಹತ್ತು ಗಂಟೆಗೆ ಜೂಡಿತ್‌ಳ ಬಂಡೆಯ ಕೆಳಗೇ ಸಂಸಾರ ಸಿಕ್ಕಿತು. ಆರ್ವೋ ನೂರು ಮೀಟರು ದೂರ ಬಿಟ್ಟು ಎಂಜಿನ್ ನಿಲ್ಲಿಸಿದ, ಪ್ರವಾಸಿಗರು ಒಂದು ಪಕ್ಕಕ್ಕೆ ನುಗ್ಗಿದರು, ಅವನು ಎಂದಿನಂತೆ ರೇಡಿಯೋ ಎತ್ತಿಕೊಂಡ. "ಸಂಸಾರ ಇಲ್ಲಿದೆ. ಆರು..." ಎನ್ನುವಷ್ಟರಲ್ಲಿ ಗುಂಡಿಯಿಂದ ಬೆರಳು ಜಾರಿತು. ಆ ಬಿಡುವಿನಲ್ಲಿ ಇನ್ನೊಂದು ಧ್ವನಿ ಬಂತು. ಉಸಿರು ಎಳೆದುಕೊಂಡು, ಒಂದೊಂದೇ ಮಾತು.

"ಲೋಕ್ಕಿ, ಲೋಕ್ಕಿ. ನಾನು ಸೈಮಾ ರಾಂತಾ. ಅಡುಗೆಮನೆಯಿಂದ."

ಆ ಚಾನೆಲ್ಲಿನಲ್ಲಿ ಸೊಯಿಂತುಲದ ಅಡುಗೆಮನೆಯೊಂದು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಅಮ್ಮ, ಏನಾಯ್ತು? ಇದು ದೋಣಿ ಚಾನೆಲ್..."

"ಯಾವ ಚಾನೆಲ್ ಅಂತ ನಂಗೆ ಹೇಳ್ಕೊಡ್ಬೇಡ. ನೀನು ಹುಟ್ಟೋಕೆ ಮುಂಚಿಂದ ಕೇಳ್ತಿದೀನಿ. ಸರಿಯಾಗಿ ಎಣಿಸಿ ಹೇಳು."

ಆರ್ವೋ ರೇಡಿಯೋದ ಹಿಡಿಯನ್ನು ಇನ್ನೊಂದು ಕೈಗೆ ಬದಲಿಸಿದ.

"ನೆನ್ನೆ ಆ ಹೆಣ್ಣುಮಗಳು ನಿನ್ನ ಮಾತು ಕಟ್ಕೊಂಡು ನೀರುಪಾಲಾಗ್ತಿದ್ಲು. ಎಣಿಸು ಅಂದೆ."

"ಕಂಬ" ಎಂದ ಆರ್ವೋ. "ದೊಡ್ಡ ಮಗಳು. ಚಿಕ್ಕ ಮಗಳು. ಮರಿ ಎರಡು. ಐದು."

"ಮುದುಕಿ?"

"ಇಲ್ಲ ಅಮ್ಮ."

"ಯಾವಾಗಿಂದ?"

"ಬಂದಾಗಿಂದ್ಲೂ ಇಲ್ಲ. ನಾನು ಸುಳ್ಳು ಹೇಳ್ದೆ. ಜೂಡಿತ್, ಕೇಳಿಸ್ತಿದೆಯಾ? ನಾನು ಸುಳ್ಳು ಹೇಳ್ದೆ."

ಬಂಡೆಯ ಮೇಲಿಂದ ಉತ್ತರ ಬರಲಿಲ್ಲ. ಅಡುಗೆಮನೆಯಿಂದಲೂ ಬರಲಿಲ್ಲ. ಡಾಕ್ಟರು ಹೇಳಿದ್ದು ಇದೇ ಗಳಿಗೆಯನ್ನು ಎಂದು ಆರ್ವೋನಿಗೆ ಅನ್ನಿಸಿತು. ಕಿಟಕಿಯ ಪಕ್ಕದ ಕುರ್ಚಿ, ಓರೆಯಾದ ತಲೆ, ನೆಲಕ್ಕೆ ಬಿದ್ದ ರೇಡಿಯೋದ ಹಿಡಿ ಎಲ್ಲ ಕಣ್ಣಿಗೆ ಕಟ್ಟಿತು. "ಅಮ್ಮ" ಎಂದ. "ಅಮ್ಮಾ."

"ಇದೀನೋ. ಉಸಿರು ತಗೋಬೇಡ್ವಾ?" ಎಂದಳು ಸೈಮಾ. "ಅವ್ಳು ಹೋದ್ಲು, ಸರಿ. ವಯಸ್ಸಾಗಿತ್ತು. ಅಷ್ಟು ಗೊತ್ತಾಗಲ್ವಾ ನಂಗೆ? ನೀನು ಆರು ಅಂದ ದಿನದಿಂದ ಉಳಿದವ್ರೆಲ್ಲ ಎಣಿಸೋದೇ ಬಿಟ್ರು. ನಾನೇನು ಕಿವುಡಿಯಾ? ಈಗ ಹೇಳು, ಮಗ ಏನ್ ಮಾಡ್ತಿದಾನೆ?"

"ಯಾರು?"

"ಕಂಬ ಕಣೋ. ಹನ್ನೆರಡು ದಿನದಿಂದ ಅದನ್ನ ಕೇಳ್ಬೇಕು ಅಂತ ಕೂತಿದೀನಿ. ನೀನು ನೋಡಿದ್ರೆ ಬರೀ ಮುದುಕಿ ಇದಾಳೆ, ಮುದುಕಿ ಇದಾಳೆ. ಅವಳ್ದು ಮುಗೀತು. ಅವ್ನು ತಿಂತಿದಾನಾ?"

ಹನ್ನೆರಡು ದಿನವೂ ಆರ್ವೋ ಕಂಬನ ಎಡಗಡೆಯ ಖಾಲಿ ನೀರನ್ನೇ ನೋಡಿದ್ದ, ಕಂಬನನ್ನು ನೋಡಿರಲಿಲ್ಲ. ಇಪ್ಪತ್ತು ವರ್ಷದ ಕಸುಬಿನವನಿಗೆ ಅದು ಸಣ್ಣ ತಪ್ಪಲ್ಲ. "ನೋಡಿ ಹೇಳ್ತೀನಿ" ಎಂದು ದುರ್ಬೀನು ಎತ್ತಿದ.

ಕಂಬ ಅಕ್ಕತಂಗಿಯರಿಂದ ದೂರದಲ್ಲಿ ನೀರಿನ ಮೇಲೆ ಸುಮ್ಮನೆ ತೇಲುತ್ತಿದ್ದ. ತಲೆಯ ಹಿಂದೆ ಕುತ್ತಿಗೆಯ ಜಾಗದಲ್ಲಿ ಸ್ವಲ್ಪ ತಗ್ಗು ಬಿದ್ದಂತಿತ್ತು, ಹೊಟ್ಟೆಗಿಲ್ಲದ ತಿಮಿಂಗಿಲಕ್ಕೆ ಕೊಬ್ಬು ಮೊದಲು ಅಲ್ಲೇ ಇಳಿಯುವುದು. ಅವನು ಮುಳುಗಿದ. ಎರಡು ನಿಮಿಷ, ಮೂರು, ನಾಲ್ಕು. ಪ್ರವಾಸಿಗರು ಕ್ಯಾಮರಾ ಇಳಿಸಿದ್ದರು. ನಡೆಯುತ್ತಿರುವುದು ಏನೆಂದು ಅರ್ಧ ಅರ್ಥವಾಗಿತ್ತು, ಉಳಿದರ್ಧ ಕೇಳುವ ಧೈರ್ಯವಿರಲಿಲ್ಲ. ಕಂಬ ಎದ್ದ, ಉಸಿರು ಬಿಟ್ಟ, ಬಾಯಲ್ಲಿ ಏನೂ ಇಲ್ಲ. ಮತ್ತೆ ಮುಳುಗಿದ. ಈ ಸಲ ಎದ್ದದ್ದು ಬಂಡೆಯ ಬುಡದಲ್ಲಿ, ಮೈ ಹೊರಳಿಸಿ. ದವಡೆಯ ಅಂಚಿನಿಂದ ತೋಳುದ್ದದ ಸಾಲ್ಮನ್ನಿನ ಬಾಲ ಹೊರಗಿತ್ತು. ನೀರಿನ ಮೇಲೆ ಮೀನಿನ ಹುರುಪೆಗಳು ಹೊಳೆದವು, ಕಡಲಹಕ್ಕಿಗಳು ಎರಗಿದವು.

"ಹಿಡಿದ ಅಮ್ಮ. ದೊಡ್ಡ ಮೀನು."

"ಅಕ್ಕ ತಂಗಿ ಕೊಟ್ಟಿದ್ದಾ?"

"ಅಲ್ಲ. ಅವ್ರು ದೂರ ಇದಾರೆ. ತಾನೇ ಹಿಡಿದಿದ್ದು."

ಆಮೇಲೆ ಸೈಮಾ, ಮಗನನ್ನು ಬಿಟ್ಟು, "ಜೂಡಿತ್, ನೀನು ನೋಡಿದ್ಯೇನಮ್ಮ?" ಎಂದು ಕೇಳಿದಳು.

ಅದರಿಂದ ಆರ್ವೋನಿಗೆ ಬಹಳ ನೋವಾಯಿತು. ಬೈದಿದ್ದರೆ ಅಷ್ಟು ಆಗುತ್ತಿರಲಿಲ್ಲ. ಅವನು ಹೇಳಿದ್ದಕ್ಕೆ ಇನ್ನೊಬ್ಬರ ಸಾಕ್ಷಿ ಕೇಳಿದವರು ಆ ನೀರಿನಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಮೊದಲು ಕೇಳಿದವಳು ಅವನ ಅಮ್ಮ.

"ನೋಡ್ದೆ ಸೈಮಾ" ಎಂದಳು ಜೂಡಿತ್. "ನನ್ನ ಕಾಲ ಕೆಳಗೇ ಇದಾನೆ. ತಾನೇ ಹಿಡಿದ, ತಾನೇ ತಿಂದ, ಯಾರಿಗೂ ಪಾಲು ಕೊಡ್ಲಿಲ್ಲ."

"ಹಾಗಾದ್ರೆ ನಂಗೆ ಸಾಕು" ಎಂದಳು ಸೈಮಾ. "ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ."

ಚಾನೆಲ್ ಖಾಲಿಯಾಯಿತು. ಆರ್ವೋ ಆ ದಿನ ಸವಾರಿ ಮುಗಿಸಿ ಪ್ರವಾಸಿಗರನ್ನು ಇಳಿಸಿ, ಸಣ್ಣ ದೋಣಿಯಲ್ಲಿ ಜೂಡಿತ್‌ಳ ಗುಡಿಸಲಿಗೆ ಹೋದ. ಅಲ್ಲಿ ಏನು ಮಾತಾಯಿತೋ ಇಬ್ಬರೂ ಯಾರಿಗೂ ಹೇಳಲಿಲ್ಲ. ಅವಳು ವಹಿಯಲ್ಲಿ ಮುದುಕಿಯ ಮುಂದೆ 'ಇಲ್ಲ' ಎಂದು ಬರೆದಳು. ತಾರೀಕು ಸಂಸಾರ ಬಂದ ದಿನದ್ದೇ, ಜುಲೈ ಒಂಬತ್ತು ಎಂದು ಹಾಕಿದಳು.

ಸೈಮಾ ಆಮೇಲೆ ಹನ್ನೊಂದು ದಿನ ಬದುಕಿದಳು. ಆ ಹನ್ನೊಂದು ಸಂಜೆಯೂ ಅವಳು ಕೇಳಿದ್ದು ಕಂಬನ ವಿಷಯ ಒಂದೇ. ಆರ್ವೋ ಕುರ್ಚಿಯ ಪಕ್ಕ ಕೂತು ಕಂಡದ್ದನ್ನು ಕಂಡ ಹಾಗೆ ಹೇಳಿದ: ಇವತ್ತು ಎರಡು ಮೀನು, ಇವತ್ತು ಒಂದೂ ಇಲ್ಲ, ಇವತ್ತು ತಂಗಿಯ ಪಕ್ಕ ಹೋಗಿದ್ದ. ಕೊನೆಯ ಎರಡು ದಿನ ಕಂಬ ಎಲ್ಲೂ ಸಿಗಲಿಲ್ಲ. ಎರಡು ದಿನವೂ ಆರ್ವೋ ಅಮ್ಮನ ಮುಖ ನೋಡಿಕೊಂಡೇ, ಕಾಣ್ಲಿಲ್ಲ ಎಂದ.